ಎಂ-30: ಒಂದೇ ಗುರುತು, ಬೇರೆ ಬೇರೆ ಲೆಕ್ಕ

‘ಎಂ-30’ ಎಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಕ್ಕರೆ, ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಬೋಲ್ಟು, ಕಟ್ಟಡ ಏಳುವಲ್ಲಿ ಕಾಂಕ್ರೀಟು. ಪಕ್ಕದ ಭದ್ರಾವತಿ ಈ ಮೂರು ಕಸುಬನ್ನೂ ಬಲ್ಲ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮುಂದೆ ಸಿಮೆಂಟನ್ನೂ ತಯಾರಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾಗದದ ಜೊತೆಗೆ ಕಬ್ಬು ಅರೆದು ಸಕ್ಕರೆಯನ್ನೂ ಮಾಡಿತು.

ಸಕ್ಕರೆ ಚೀಲದ ಮೇಲಿನ ‘ಎಂ’ ಹರಳಿನ ಗಾತ್ರ. ದಪ್ಪ ಹರಳಿಗೆ ‘ಎಲ್’, ಮಧ್ಯಮಕ್ಕೆ ‘ಎಂ’, ಸಣ್ಣದಕ್ಕೆ ‘ಎಸ್’. 30 ಎಂಬುದು ಬಣ್ಣದ ದರ್ಜೆ. ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಸಿದ್ಧಪಡಿಸುವ ಮಾದರಿಗಳ ಜೊತೆ ಹೋಲಿಸಿ ಇದನ್ನು ನಿರ್ಧರಿಸುತ್ತಾರೆ.

ಬೋಲ್ಟಿನಲ್ಲಿ ‘ಎಂ’ ಎಂದರೆ ಮೆಟ್ರಿಕ್ ಮರೆ, 30 ಎಂದರೆ 30 ಮಿಲಿಮೀಟರ್ ಹೊರವ್ಯಾಸ. ಸಾಮಾನ್ಯ ಮರೆಯಾದರೆ ನಟ್ಟು ಒಂದು ಸುತ್ತಿಗೆ 3.5 ಮಿ.ಮೀ. ಮುಂದೆ ಸರಿಯುತ್ತದೆ. ಬೋಲ್ಟು ಎಷ್ಟು ಗಟ್ಟಿ ಎಂಬುದನ್ನು ಈ ಗುರುತು ಹೇಳುವುದೇ ಇಲ್ಲ. ಅದಕ್ಕೆ ತಲೆಯ ಮೇಲಿನ 8.8ರಂಥ ಅಂಕಿಯನ್ನು ನೋಡಬೇಕು.

ಕಾಂಕ್ರೀಟಿನಲ್ಲಿ ಮಾತ್ರ ಗಟ್ಟಿತನವೇ ಎಲ್ಲ. ಇಲ್ಲಿ ‘ಎಂ’ ಮಿಶ್ರಣ, ಅಂದರೆ ಮಿಕ್ಸ್. 150 ಮಿ.ಮೀ. ಬದಿಯ ಕ್ಯೂಬನ್ನು ಎರಕ ಹೊಯ್ದು, 28 ದಿನ ನೀರುಣಿಸಿ, ಯಂತ್ರದಲ್ಲಿಟ್ಟು ಒತ್ತಿದಾಗ ಚದರ ಮಿಲಿಮೀಟರಿಗೆ 30 ನ್ಯೂಟನ್ ತಡೆಯಬೇಕು. ಇಡೀ ಕ್ಯೂಬಿನ ಲೆಕ್ಕದಲ್ಲಿ ಅದು 68 ಟನ್ನಿಗೂ ಹೆಚ್ಚಿನ ಭಾರ. ನೂರು ಪರೀಕ್ಷೆಗಳಲ್ಲಿ ಐದಕ್ಕಿಂತ ಹೆಚ್ಚು ಇದಕ್ಕಿಂತ ಕೆಳಗಿಳಿಯಬಾರದು ಎಂಬುದು ಕಾಂಕ್ರೀಟಿನ ಭಾರತೀಯ ಸಂಹಿತೆಯಾದ ಐಎಸ್ 456ರ ನಿಯಮ. ಜೋರು ಮಳೆಗೆ ಮೈಯೊಡ್ಡುವ, ಮತ್ತೆ ಮತ್ತೆ ನೆನೆದು ಒಣಗುವ ಆರ್‌ಸಿಸಿಗೆ ಕನಿಷ್ಠ ಎಂ-30 ಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಮಲೆನಾಡಿನ ಹೆಬ್ಬಾಗಿಲಲ್ಲಿ ಕಟ್ಟಿಸುವವರು ಈ ಮಾತನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಹಳೆಯ ನಕ್ಷೆ ಓದುವವರು ಇನ್ನೊಂದನ್ನೂ ಗಮನಿಸಬೇಕು: 1964ರ ಸಂಹಿತೆ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿತ್ತು. ಹಾಗಾಗಿ ಇಂದಿನ ಎಂ-30ಕ್ಕೆ ಅಂದು ಎಂ-300 ಎಂದು ಹೆಸರು.

ಗೊಂದಲಕ್ಕೆ ನಿಜವಾದ ಎಡೆಯಿರುವುದು ಯಂತ್ರ ಕೂರಿಸುವ ಪಾಯದ ನಕ್ಷೆಯಲ್ಲಿ. ಎಂ-30 ಕಾಂಕ್ರೀಟಿನೊಳಗೆ ಎಂ-30 ಬೋಲ್ಟು ಹೂಳುವ ಸಂದರ್ಭ ಅಪರೂಪವೇನಲ್ಲ. ಒಂದು ಬಲ, ಇನ್ನೊಂದು ಅಳತೆ; ಎರಡೂ ಒಂದೇ ಹಾಳೆಯ ಮೇಲೆ. ಗುರುತಿನ ಪಕ್ಕ ವಸ್ತುವಿನ ಹೆಸರನ್ನೂ ಬರೆಯುವುದು ಒಳ್ಳೆಯ ನಕ್ಷೆಗಾರನ ಲಕ್ಷಣ.

ಆಸ್ಪತ್ರೆಯ ದಾಖಲೆಗಳಲ್ಲಿ ‘ಎಂ’ ಯಾವ ಪದದ ಮೊದಲಕ್ಷರವೂ ಅಲ್ಲ. ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಅದು ಮೂಳೆ, ಸ್ನಾಯು, ಸಂಯೋಜಕ ಅಂಗಾಂಶಗಳ ಅಧ್ಯಾಯ. ಎಂ-30 ರಕ್ತನಾಳಗಳ ಉರಿಯೂತದ ಒಂದು ಗುಂಪು.

ಆಕಾಶದಲ್ಲಿ ‘ಎಂ’ ಒಬ್ಬ ಮನುಷ್ಯನ ಹೆಸರು. ಧೂಮಕೇತು ಹುಡುಕುವವರು ಮೋಸ ಹೋಗದಿರಲೆಂದು ಫ್ರಾನ್ಸಿನ ಷಾರ್ಲ್ ಮೆಸಿಯೆ ಮಸುಕು ಕಾಯಗಳ ಪಟ್ಟಿ ಮಾಡಿದ. 1764ರಲ್ಲಿ ಆತ ಕಂಡ ಎಂ-30 ಮಕರ ರಾಶಿಯ ಗೋಳಗುಚ್ಛ, ಸುಮಾರು 27,000 ಜ್ಯೋತಿರ್ವರ್ಷ ದೂರದ ನಕ್ಷತ್ರಗಳ ಗುಂಪು. ಮಳೆಗಾಲ ಕಳೆದ ಅಕ್ಟೋಬರಿನ ಸಂಜೆ, ಊರದೀಪಗಳಿಂದ ದೂರ ಹೋದರೆ ಶಿವಮೊಗ್ಗದ ದಕ್ಷಿಣಾಕಾಶದಲ್ಲಿ ಬೈನಾಕ್ಯುಲರಿಗೆ ಅದು ಮಸುಕು ಚುಕ್ಕೆಯಾಗಿ ಸಿಗುತ್ತದೆ.

ಮೂವತ್ತರ ನಂತರ ಏನು ಎಂದು ಕೇಳಿದರೆ ಈ ಅಂಕಿಗಳ ಜಾತಿ ತಿಳಿಯುತ್ತದೆ. ಸಕ್ಕರೆಯಲ್ಲಿ 31 ಇನ್ನೂ ಬಿಳಿ. ಕಾಂಕ್ರೀಟಿನ ದರ್ಜೆ ಐದೈದಾಗಿ ಏರುವುದರಿಂದ ಮುಂದಿನದು ಎಂ-35. ಬೋಲ್ಟಿನ ಸಾಲಿನಲ್ಲಿ ಎಂ-33. ರೋಗಗಳಲ್ಲಿ ಎಂ-31 ರಕ್ತನಾಳಗಳದ್ದೇ ಇನ್ನೊಂದು ಗುಂಪು. ಮೆಸಿಯೆಯ ಪಟ್ಟಿಯಲ್ಲಿ ಎಂ-31 ಎಂದರೆ ಆಂಡ್ರೊಮಿಡಾ ಗೆಲಾಕ್ಸಿ. ಗೋಳಗುಚ್ಛಕ್ಕೂ ಅದಕ್ಕೂ ಕ್ರಮಸಂಖ್ಯೆಯಲ್ಲಿ ಮಾತ್ರ ನೆರೆಹೊರೆ.