ಪೆಟ್ಟಿಗೆಯ ಕಥೆಯಲ್ಲಿ ಕೂಲಿಯವನ ಪಾಲು

ಅರ್ಥಶಾಸ್ತ್ರಜ್ಞ ಮಾರ್ಕ್ ಲೆವಿನ್‌ಸನ್ ಅವರ ‘ದಿ ಬಾಕ್ಸ್’ (2006) ಎಂಬ ಆಂಗ್ಲ ಗ್ರಂಥವು ಹಡಗಿನ ಕಂಟೇನರ್ ಪೆಟ್ಟಿಗೆಯ ಚರಿತ್ರೆ. ನವಾಶೇವಾದಿಂದ ಸಾಲುಗಟ್ಟಿ ಬರುವ ಟ್ರೇಲರುಗಳನ್ನು ಕಾಣುವ ಮುಂಬಯಿಯ ನಮಗೆ ಇದು ದೂರದ ವಿಷಯವೇನೂ ಅಲ್ಲ.

1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಬಿಡಿ ಸರಕು ತುಂಬಲು ಟನ್ನಿಗೆ ಸುಮಾರು 6 ಡಾಲರ್ ತಗಲುತ್ತಿದ್ದಲ್ಲಿ ಸುಮಾರು 16 ಸೆಂಟು ಸಾಕಾಯಿತಂತೆ! ಹಾಗಾದರೆ ಹೊರೆ ಹೊರುವವನ ಗತಿಯೇನು?

ಕಾರ್ಮಿಕ ಸಂಘಗಳನ್ನು ಪ್ರಗತಿಯ ವೈರಿಗಳೆಂದು ಹಳಿಯದಿರುವುದು ಗ್ರಂಥದ ಹಿರಿಮೆ. ಪಶ್ಚಿಮ ತೀರದ ನಾಯಕ ಹ್ಯಾರಿ ಬ್ರಿಜಸ್ 1960ರಲ್ಲಿ ಯಂತ್ರಗಳಿಗೆ ಒಪ್ಪಿ, ಬದಲಿಗೆ ಮಾಲೀಕರಿಂದ ವರ್ಷಕ್ಕೆ ಸುಮಾರು 50 ಲಕ್ಷ ಡಾಲರುಗಳ ನಿಧಿಯನ್ನೂ, ಕೆಲಸದಿಂದ ತೆಗೆಯುವುದಿಲ್ಲವೆಂಬ ಭರವಸೆಯನ್ನೂ ಪಡೆದ ಪ್ರಸಂಗ ಸೊಗಸಾಗಿ ಮೂಡಿದೆ.

ಆದರೆ ಆ ಭರವಸೆ ಪೂರ್ಣ ನೋಂದಣಿಯವರಿಗಷ್ಟೇ. ‘ಬಿ’ ಪಟ್ಟಿಯವರಿಗೂ ದಿನಗೂಲಿಗಳಿಗೂ ಅದು ದಕ್ಕಲಿಲ್ಲ. ಅವರ ಅಳಲಿಗೆ ಗ್ರಂಥದಲ್ಲಿ ಎಡೆ ಸಾಲದೆಂಬುದೇ ನಮ್ಮ ಆಕ್ಷೇಪ. ನಮ್ಮ ಕಚೇರಿಯ ಕಡತಗಳು ಕಂಪ್ಯೂಟರಿಗೆ ಏರಿದಾಗ ಖಾಯಂ ನೌಕರರಾದ ನಮಗೆ ತರಬೇತಿ ಸಿಕ್ಕಿತು. ಕಡತ ಹೊರುತ್ತಿದ್ದ ದಿನಗೂಲಿ ಹುಡುಗರಿಗೆ ಮನೆಯ ದಾರಿ. ನಮ್ಮ ಸಂಘವೂ ಸುಮ್ಮನಿತ್ತು, ನಾವೂ ಸುಮ್ಮನಿದ್ದೆವು.

2024ರ ಅಕ್ಟೋಬರಿನಲ್ಲಿ ಅಮೆರಿಕದ ಪೂರ್ವ ತೀರದ ಬಂದರು ಕಾರ್ಮಿಕರು ವೇತನದೊಡನೆ ಯಾಂತ್ರೀಕರಣದ ಪ್ರಶ್ನೆಯನ್ನೂ ಎತ್ತಿ 3 ದಿನ ಮುಷ್ಕರ ಹೂಡಿದರು. ಯಂತ್ರ ಬೇಕೆ ಬೇಡವೇ ಎಂಬುದಷ್ಟೇ ಅಲ್ಲ, ಲಾಭದಲ್ಲಿ ಯಾರಿಗೆಷ್ಟು ಪಾಲು ಎಂಬುದೂ ಪ್ರಶ್ನೆ. ಅದನ್ನು ಕೆದಕುವ ಈ ಗ್ರಂಥವನ್ನು ವಾಚಕರು ಅವಶ್ಯ ಓದಬೇಕು.