ಉಳಿಸಿದ್ದು ಮತ್ತೆ ಎದ್ದು ನಿಲ್ಲಬೇಕು

ಕಡೂರು, ತರೀಕೆರೆ, ಅಜ್ಜಂಪುರದ ಜನ ಕರೆಂಟು ಹೋದರೆ 1912 ಒತ್ತುತ್ತಾರೆ, ರೈಲಿನ ವಿಚಾರಕ್ಕೆ 139 ಒತ್ತುತ್ತಾರೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಮತ್ತೊಂದು ನಂಬರು. ಈಗೀಗ ಊರಿನ ನರ್ಸಿಂಗ್ ಹೋಮು, ಸಹಕಾರ ಸಂಘ, ಶಾಲೆಗಳಲ್ಲೂ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ದನಿಯೇ ಮೊದಲು ಮಾತಾಡುತ್ತದೆ. ಇಂಥ ವ್ಯವಸ್ಥೆಯ ಗುಣವನ್ನು ನಾವು ಅಳೆಯುವುದು ದನಿಯ ಇಂಪಿನಿಂದ, ಕಾಯಿಸುವ ಹೊತ್ತಿನಿಂದ. ಅವು ಸರಿಯಾದ ಅಳತೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಈ ಯಂತ್ರ ಇವತ್ತು ರಾತ್ರಿ ಸುಟ್ಟುಹೋದರೆ, ನಾಳೆ ಬೆಳಿಗ್ಗೆ ಅದೇ ದನಿ ಅದೇ ದಾರಿ ತೋರಿಸುತ್ತದೆಯೇ? ಈ ಅಳತೆಯಲ್ಲಿ ನಮ್ಮ ಸಣ್ಣ ಊರುಗಳ ಪದ್ಧತಿ ಸೋಲುತ್ತದೆ ಎಂಬುದು ನನ್ನ ತೀರ್ಮಾನ. ಅದಕ್ಕೆ ಕಾರಣ ಯಂತ್ರವೂ ಅಲ್ಲ, ದುಡ್ಡೂ ಅಲ್ಲ. ಫೋನಿನ ಸೆಟ್ಟಿಂಗನ್ನು ಕಚೇರಿಯ ಆಸ್ತಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯದಿರುವುದೇ ಕಾರಣ.

ಸೆಟ್ಟಿಂಗ್ ಎಂದರೆ ಏನೇನು? ಯಾವ ಅಂಕಿ ಒತ್ತಿದರೆ ಕರೆ ಎಲ್ಲಿಗೆ ಹೋಗಬೇಕು ಎನ್ನುವ ದಾರಿ ಮೊದಲನೆಯದು. ಕಚೇರಿಯ ವೇಳೆ, ಊಟದ ಬಿಡುವು, ರಜೆಯ ಪಟ್ಟಿ ಎರಡನೆಯದು. ರೆಕಾರ್ಡ್ ಮಾಡಿಟ್ಟ ದನಿಗಳು ಮೂರನೆಯದು. ಈ ಹೊತ್ತಿನ ಸ್ಥಿತಿ ನಾಲ್ಕನೆಯದು, ಅಂದರೆ ರಾತ್ರಿ ಪಾಳಿಗೆ ತಿರುಗಿಸಲಾಗಿದೆಯೇ, ರಜೆ ಹಾಕಿದವರ ಕರೆ ಯಾರ ಮೊಬೈಲಿಗೆ ಹೋಗುತ್ತಿದೆ ಎಂಬ ವಿವರ. ನಾಲ್ಕೂ ಒಟ್ಟಿಗೆ ಉಳಿದರೆ ಮಾತ್ರ ಅದು ಬ್ಯಾಕಪ್.

ಇವು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದಕ್ಕೆ 139 ಒಳ್ಳೆಯ ಉದಾಹರಣೆ. ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುವವರೂ ಅಜ್ಜಂಪುರದ ಕಡೆಯ ರೈಲಿಗೆ ಕಾಯುವವರೂ ಕರೆ ಮಾಡುವುದು ಇದಕ್ಕೇ. ರೈಲ್ವೆ ಇದನ್ನು 12 ಭಾಷೆಗಳಲ್ಲಿ ರೂಪಿಸಿತು. ಒಂದು ಒತ್ತಿದರೆ ಭದ್ರತೆ ಮತ್ತು ವೈದ್ಯಕೀಯ ನೆರವು, ಎರಡು ಒತ್ತಿದರೆ ವಿಚಾರಣೆ, ನಕ್ಷತ್ರದ ಗುಂಡಿ ಒತ್ತಿದರೆ ಮನುಷ್ಯರ ಜೊತೆ ಮಾತು. 2021ರ ಏಪ್ರಿಲ್ ಒಂದರಿಂದ ಭದ್ರತೆಯ 182 ಕೂಡ ಇದರಲ್ಲೇ ಸೇರಿತು. ಇಂಥ ಮೆನುವಿನಲ್ಲಿ ಒಂದು ಆಯ್ಕೆ ಬದಲಾದರೂ ಹನ್ನೆರಡು ಭಾಷೆಯ ದನಿ ಬದಲಾಗಬೇಕು, ಒಳಗಿನ ದಾರಿಯೂ ಅದರ ಜೊತೆಗೇ ಬದಲಾಗಬೇಕು. ದನಿ ಹಳೆಯದು, ದಾರಿ ಹೊಸದು ಎಂದಾದರೆ ಆಸ್ಪತ್ರೆ ಬೇಕಾದವರು ದೂರು ವಿಭಾಗಕ್ಕೆ ಹೋಗಿ ಬೀಳುತ್ತಾರೆ. ಸಣ್ಣ ಊರಿನಲ್ಲೂ ಬದಲಾವಣೆ ಕಡಿಮೆಯೇನಲ್ಲ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅದುವರೆಗೆ ಅದು ತರೀಕೆರೆ ತಾಲ್ಲೂಕಿನೊಳಗಿತ್ತು. ಹೀಗೆ ಕಚೇರಿ ಬೇರೆಯಾದಾಗ ‘ತಾಲ್ಲೂಕು ಕಚೇರಿಗೆ ಎರಡನ್ನು ಒತ್ತಿ’ ಎಂಬ ಒಂದು ಸಾಲಿನ ಹಿಂದೆ ದನಿ, ದಾರಿ, ನಂಬರು ಮೂರೂ ಹೊಸದಾಗಬೇಕು. ಬದಲಾವಣೆಗೆ ಮುಂಚಿನದೊಂದು, ನಂತರದ್ದೊಂದು ಪ್ರತಿಯನ್ನು ದಿನಾಂಕ ಹಾಕಿ ಇಡದಿದ್ದರೆ ಯಾವುದು ಸರಿ ಎಂದು ಹೇಳುವವರೇ ಇರುವುದಿಲ್ಲ.

ಇಂಥ ಫೋನ್ ವ್ಯವಸ್ಥೆಗಳಲ್ಲಿ ನಮ್ಮಲ್ಲಿ ಬಳಕೆಯಲ್ಲಿರುವುದು ಮೂರು ಬಗೆ. ಕಚೇರಿಯೊಳಗೆ ಕರೆಗಳನ್ನು ಹಂಚುವ, ಗೋಡೆಗೆ ಹಾಕಿದ ಇಪಿಎಬಿಎಕ್ಸ್ ಪೆಟ್ಟಿಗೆ; ಕಂಪ್ಯೂಟರಿನಲ್ಲಿ ಓಡುವ ಆಸ್ಟರಿಸ್ಕ್‌ನಂಥ ತಂತ್ರಾಂಶ; ತಿಂಗಳ ಬಾಡಿಗೆಯ ಕ್ಲೌಡ್ ಸೇವೆ. ಮೂರರ ದೌರ್ಬಲ್ಯವೂ ಬೇರೆಬೇರೆ.

ಪೆಟ್ಟಿಗೆ ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಹಾಕಿದವರು ಫೋನಿನಿಂದಲೇ ಕೋಡ್ ಒತ್ತಿ ಒಂದೊಂದಾಗಿ ಹೊಂದಿಸಿರುತ್ತಾರೆ. ಯಾವ ಕೋಡ್ ಒತ್ತಿದರು ಎಂಬುದು ಕಾಗದದ ಮೇಲೆ ಇರುವುದಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಸೆಟ್ಟಿಂಗನ್ನು ಹಿಡಿದಿಡುವುದು ಒಂದು ಪುಟ್ಟ ಬ್ಯಾಟರಿ. ಅದು ಸತ್ತ ಮೇಲೆ ಕರೆಂಟು ಹೋದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಂತಿಯ ಮೂಲಕ ಒಳಬಂದರೆ ಬೋರ್ಡೇ ಹೋಗುತ್ತದೆ. ಹೊಸ ಬೋರ್ಡು ಪೇಟೆಯಲ್ಲಿ ಸಿಗುತ್ತದೆ, ಹಳೆಯ ಸೆಟ್ಟಿಂಗ್ ಸಿಗುವುದಿಲ್ಲ.

ಕಂಪ್ಯೂಟರಿನ ವ್ಯವಸ್ಥೆ ಈ ವಿಷಯದಲ್ಲಿ ಬಹಳ ಮೇಲು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ತನ್ನ ಕರೆಯ ದಾರಿಯನ್ನು ಯಾರು ಬೇಕಾದರೂ ಓದಬಹುದಾದ ಪಠ್ಯದ ಫೈಲಿನಲ್ಲಿ ಇಡುತ್ತದೆ. ನಡೆಯುತ್ತಿರುವ ಕರೆ ಕಡಿಯದೆ ಹೊಸ ದಾರಿಯನ್ನು ಲೋಡ್ ಮಾಡಬಹುದು. ಇದು ಮೆಚ್ಚಬೇಕಾದ ಗುಣ. ಆದರೂ ಇಲ್ಲಿ ಎಚ್ಚರ ತಪ್ಪುವ ಜಾಗಗಳಿವೆ. ಓಡುತ್ತಿರುವ ದಾರಿಯನ್ನೇ ಸೇವ್ ಮಾಡುವ ಆದೇಶ ಕೊಟ್ಟರೆ, ಫೈಲಿನಲ್ಲಿ ಕೈಯಾರೆ ಬರೆದಿಟ್ಟ ಟಿಪ್ಪಣಿಗಳು ಅಳಿಸಿಹೋಗುತ್ತವೆ. ಮುಂದೆ ಬರುವವರಿಗೆ ‘ಇದು ಯಾಕೆ ಹೀಗಿದೆ’ ಎಂದು ಹೇಳುತ್ತಿದ್ದುದು ಆ ಟಿಪ್ಪಣಿಗಳೇ. ಆಸ್ಟರಿಸ್ಕ್ ಮೇಲೆಯೇ ಕಟ್ಟಿದ ಫ್ರೀಪಿಬಿಎಕ್ಸ್‌ನಲ್ಲಿ ಪರದೆಯ ಮೇಲೆ ಮಾಡಿದ ಬದಲಾವಣೆ ಮೊದಲು ಡೇಟಾಬೇಸಿಗೆ ಹೋಗುತ್ತದೆ. ‘ಅಪ್ಲೈ ಕಾನ್ಫಿಗ್’ ಒತ್ತಿದಾಗಲಷ್ಟೇ ಅದು ಓಡುವ ಫೈಲಿಗೆ ಇಳಿಯುತ್ತದೆ. ಯಂತ್ರ ತಾನೇ ಬರೆಯುವ ಆ ಫೈಲನ್ನು ಯಾರಾದರೂ ನೇರವಾಗಿ ತಿದ್ದಿದ್ದರೆ, ಮುಂದಿನ ಬಾರಿ ಆ ಗುಂಡಿ ಒತ್ತಿದಾಗ ತಿದ್ದಿದ್ದು ಮಾಯ. ಸೇವ್ ಆದದ್ದು ಒಂದು, ಓಡುತ್ತಿರುವುದು ಇನ್ನೊಂದು ಎಂಬ ಈ ಅಂತರ ಗೊತ್ತಿಲ್ಲದವರು ತೆಗೆದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಅರ್ಧ ಬ್ಯಾಕಪ್. ಪಠ್ಯದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೆಲಸ ಮುಗಿಯಿತು ಎಂದುಕೊಳ್ಳುವುದು ಸಾಮಾನ್ಯ. ರಾತ್ರಿ ಪಾಳಿಯ ಸ್ಥಿತಿ, ತಿರುಗಿಸಿದ ಕರೆಯ ವಿವರಗಳನ್ನು ಆಸ್ಟರಿಸ್ಕ್ ತನ್ನ ಒಳಗಿನ ಪುಟ್ಟ ಡೇಟಾಬೇಸಿನಲ್ಲಿ ಇಡುತ್ತದೆ. ದನಿಗಳು ಇನ್ನೊಂದು ಫೋಲ್ಡರಿನಲ್ಲಿ, ವಾಯ್ಸ್‌ಮೇಲ್ ಮತ್ತೊಂದರಲ್ಲಿ. ಇವು ಬಿಟ್ಟುಹೋದರೆ ಏಟು ಬೀಳುವುದು ಕನ್ನಡಕ್ಕೆ. ಕನ್ನಡದ ದನಿಯ ಫೈಲು ಸಿಗದಿದ್ದರೆ ಆಸ್ಟರಿಸ್ಕ್ ಅದೇ ಹೆಸರಿನ ಇಂಗ್ಲಿಷ್ ಫೈಲನ್ನು ಹುಡುಕಿ ನುಡಿಸುತ್ತದೆ. ಅದೂ ಇಲ್ಲದಿದ್ದರೆ ಮೌನ. ಯಂತ್ರದ ದೃಷ್ಟಿಯಲ್ಲಿ ರಿಸ್ಟೋರ್ ಯಶಸ್ವಿ. ಸಖರಾಯಪಟ್ಟಣದಿಂದ ಕರೆ ಮಾಡಿದ ಅಜ್ಜಿಯ ಪಾಲಿಗೆ ಅದು ಬಾಗಿಲು ಮುಚ್ಚಿದ ಹಾಗೆಯೇ.

ಕನ್ನಡದ ದನಿಗಳನ್ನು ಮತ್ತೆ ಮಾಡಿಸುವುದು ಸುಲಭವೂ ಅಲ್ಲ. ಬಾಕಿ ಹಣ ಹೇಳುವ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಹತ್ತುಗಳನ್ನು ಒಂದಿಷ್ಟು, ಬಿಡಿ ಅಂಕಿಗಳನ್ನು ಒಂದಿಷ್ಟು ರೆಕಾರ್ಡ್ ಮಾಡಿ ಜೋಡಿಸಿದರೆ ಸಾಕು. ನಮ್ಮಲ್ಲಿ ಇಪ್ಪತ್ತೊಂದು, ನಲವತ್ತೈದು ಎಲ್ಲವೂ ಕೂಡಿಕೊಂಡೇ ಬರುವ ರೂಪಗಳು, ಆದ್ದರಿಂದ ಒಂದರಿಂದ ತೊಂಬತ್ತೊಂಬತ್ತರವರೆಗೆ ಬೇರೆಬೇರೆಯಾಗಿಯೇ ಹೇಳಿಸಬೇಕು. ಇನ್ನೂರು ಬೇರೆ, ಇನ್ನೂರ ಬೇರೆ. ಸಾವಿರ ಬೇರೆ, ಸಾವಿರದ ಬೇರೆ. ಇದನ್ನೆಲ್ಲ ಒಬ್ಬರೇ, ಒಂದೇ ಹದದಲ್ಲಿ ಓದಿರುತ್ತಾರೆ. ಐದಾರು ಫೈಲು ಕಳೆದು ಇನ್ನೊಬ್ಬರಿಂದ ಹೇಳಿಸಿದರೆ ಒಂದೇ ಮೊತ್ತದ ನಡುವೆ ದನಿ ಬದಲಾಗುತ್ತದೆ, ಕೇಳುವವರಿಗೆ ಲೆಕ್ಕವೇ ತಪ್ಪುತ್ತದೆ.

ಇಷ್ಟನ್ನೂ ಉಳಿಸಲು ಎಷ್ಟು ಜಾಗ ಬೇಕು? ಫೋನಿನ ದನಿ ಸೆಕೆಂಡಿಗೆ 8,000 ಮಾದರಿ, ಒಂದೊಂದು ಮಾದರಿಗೆ ಒಂದು ಬೈಟ್. ಒಂದು ನಿಮಿಷಕ್ಕೆ 4,80,000 ಬೈಟ್. ಹತ್ತು ನಿಮಿಷದ ದನಿ ಸೇರಿದರೂ 5 ಎಂಬಿಗೆ ಒಳಗೇ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಪೆನ್‌ಡ್ರೈವಿನ ಒಂದು ಮೂಲೆ ಸಾಕು. ಹಾಗಾಗಿ ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ.

ಕ್ಲೌಡ್ ಸೇವೆ ಸಿಡಿಲಿನಿಂದ ಕಾಪಾಡುತ್ತದೆ. ಊರಿನಲ್ಲಿ ಕರೆಂಟು ಇಲ್ಲದಾಗಲೂ ಉತ್ತರಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ತರೀಕೆರೆಯ ಮಲೆನಾಡು ಅಂಚಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಅಲ್ಲಿ ಸೆಟ್ಟಿಂಗ್ ಇರುವುದು ಬೇರೆಯವರ ಮನೆಯಲ್ಲಿ. ಖಾತೆ ಯಾರ ಹೆಸರಿನಲ್ಲಿದೆ, ಬಾಡಿಗೆ ನಿಂತರೆ ನಂಬರು ಯಾರದು, ಕರೆಯ ದಾರಿಯನ್ನು ಫೈಲಾಗಿ ಇಳಿಸಿಕೊಳ್ಳಬಹುದೇ ಎಂದು ಸಹಿ ಹಾಕುವ ಮುಂಚೆಯೇ ಕೇಳಬೇಕು. ಇಳಿಸಿಕೊಳ್ಳಲು ಬಾರದಿದ್ದರೆ ದಾರಿಯನ್ನು ಕಾಗದದ ಮೇಲಾದರೂ ಬಿಡಿಸಿಡಬೇಕು, ದನಿಯ ಮೂಲ ಫೈಲುಗಳನ್ನು ನಮ್ಮ ಬಳಿ ಇಟ್ಟುಕೊಳ್ಳಬೇಕು.

‘ಇದೆಲ್ಲ ದೊಡ್ಡ ಕಂಪನಿಗಳಿಗೆ, ನಮಗೆ ಹಾಕಿಕೊಟ್ಟವರೇ ಬಂದು ಸರಿಮಾಡುತ್ತಾರೆ’ ಎಂಬ ಮಾತಿದೆ. ಹಾಕಿಕೊಟ್ಟವರು ಊರು ಬಿಟ್ಟಿರಬಹುದು, ಪಾಸ್‌ವರ್ಡ್ ಮರೆತಿರಬಹುದು. ಅವರನ್ನು ದೂರುವುದು ನ್ಯಾಯವಲ್ಲ. ಶಿಸ್ತಿಗೆ ಊರು ದೊಡ್ಡದಿರಬೇಕು ಎಂಬುದನ್ನೂ ನಾನು ಒಪ್ಪುವುದಿಲ್ಲ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಗ್ರಾಮೀಣ ಭಾರತಕ್ಕೆಂದು ರೂಪಿಸಿದ 128 ಲೈನಿನ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. ಏರ್ ಕಂಡೀಷನ್ ಇಲ್ಲದೆ, ಹಳ್ಳಿಯ ಧೂಳು ಸೆಖೆಯಲ್ಲೇ ಓಡಲೆಂದು ಅದನ್ನು ಮಾಡಿದ್ದರು. ಮುಂದೆ ಬಂದ ಸಿ-ಡಾಟ್‌ನ ದೊಡ್ಡ ಎಕ್ಸ್‌ಚೇಂಜುಗಳಲ್ಲಿ ಎಲ್ಲ ದತ್ತಾಂಶ ನೋಡಿಕೊಳ್ಳುವ ಘಟಕವನ್ನೇ ಜೋಡಿಯಾಗಿ ಇಟ್ಟರು, ಬಿಲ್ಲಿಂಗ್ ಮತ್ತು ಎಕ್ಸ್‌ಚೇಂಜಿನ ವಿವರಗಳನ್ನು ಟೇಪಿಗೆ ಇಳಿಸುವ ಏರ್ಪಾಡು ಕೊಟ್ಟರು. ಟೇಪಿಗೆ ಇಳಿಸುವುದು ಅಲ್ಲಿ ಕೆಲಸದ ಒಂದು ಭಾಗವಾಗಿತ್ತು, ಯಾರ ಉಪಕಾರವೂ ಆಗಿರಲಿಲ್ಲ. ಇಂದಿನ ಯಂತ್ರಗಳು ಅದಕ್ಕಿಂತ ಎಷ್ಟೋ ಸಮರ್ಥ. ಇಲ್ಲದಿರುವುದು ಆ ರೂಢಿ.

ಹಾಗಾದರೆ ಒಳ್ಳೆಯ ಪದ್ಧತಿ ಯಾವುದು? ಬದಲಾವಣೆ ಮಾಡಿದ ದಿನವೇ ನಾಲ್ಕೂ ಭಾಗಗಳ ಪ್ರತಿ ತೆಗೆಯಬೇಕು, ಹೆಸರಿನಲ್ಲೇ ದಿನಾಂಕ ಇರಬೇಕು. ತಂತ್ರಾಂಶ ಯಾವ ಆವೃತ್ತಿಯದು ಎಂದೂ ಬರೆಯಬೇಕು, ಏಕೆಂದರೆ ಹಳೆಯ ಆವೃತ್ತಿಯ ಬ್ಯಾಕಪ್ ಹೊಸದರಲ್ಲಿ ಸರಿಯಾಗಿ ಕೂರುತ್ತದೆ ಎಂಬ ಭರವಸೆ ಇಲ್ಲ. ಒಂದು ಪ್ರತಿ ಯಂತ್ರವಿರುವ ಕಟ್ಟಡದಿಂದ ಹೊರಗಿರಬೇಕು. ಕಡೂರಿನದು ಬೀರೂರಿನಲ್ಲಿದ್ದರೂ ಸಾಕು. ಅದರಲ್ಲಿ ಜನರ ನಂಬರುಗಳೂ ಅವರು ಬಿಟ್ಟ ಮಾತುಗಳೂ ಇರುವುದರಿಂದ ಬೀಗ ಹಾಕಿಯೇ ಇಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ತೆರೆದು ನೋಡುವುದು. ಒಂದು ಹಳೆಯ ಕಂಪ್ಯೂಟರಿಗೆ ಆ ಪ್ರತಿಯನ್ನು ಲೋಡ್ ಮಾಡಿ, ಕಚೇರಿಯವರೇ ಕರೆ ಮಾಡಿ, ಪ್ರತಿಯೊಂದು ಅಂಕಿಯನ್ನೂ ಒತ್ತಿ ಕಿವಿಗೊಟ್ಟು ಕೇಳಬೇಕು. ಕನ್ನಡ ಕೊನೆಯವರೆಗೂ ಕನ್ನಡವಾಗಿಯೇ ಇದೆಯೇ, ವರ್ಗವಾಗಿ ಹೋದ ಗುಮಾಸ್ತರ ಮೊಬೈಲಿಗೆ ಕರೆ ಹೋಗುತ್ತಿದೆಯೇ, ಭಾನುವಾರದ ದನಿ ಭಾನುವಾರವೇ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಗೆ ಒಂದು ಮಧ್ಯಾಹ್ನ ಸಾಕು. ಇದನ್ನು ದಾಟದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಾನು ಕರೆಯುವುದಿಲ್ಲ.

ಸಾರ್ವಜನಿಕರ ಕರೆ ತೆಗೆದುಕೊಳ್ಳುವ ಪ್ರತಿ ಸಂಸ್ಥೆಯೂ ಮುಂದಿನ ಟೆಂಡರಿನಲ್ಲಿ, ಮುಂದಿನ ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಎರಡು ಷರತ್ತು ಸೇರಿಸಲಿ: ಸೆಟ್ಟಿಂಗ್, ದನಿ, ಪಾಸ್‌ವರ್ಡ್ ಮೂರೂ ಸಂಸ್ಥೆಯ ಸ್ವತ್ತು, ವರ್ಷಕ್ಕೊಮ್ಮೆ ಬ್ಯಾಕಪ್ಪಿನಿಂದ ವ್ಯವಸ್ಥೆಯನ್ನು ಎಬ್ಬಿಸಿ ತೋರಿಸಿದ ಮೇಲೆಯೇ ಬಿಲ್ಲು ಪಾಸು. ಸ್ಟಾಕ್ ರಿಜಿಸ್ಟರಿನಲ್ಲಿ ಕುರ್ಚಿ ಮೇಜಿಗೆ ಒಂದು ಸಾಲು ಇರುವಂತೆ ಇದಕ್ಕೂ ಒಂದು ಸಾಲು ಇರಲಿ. ಜನರು ಸಂಕಟದಲ್ಲಿದ್ದಾಗ ಮೊದಲು ಕೇಳಿಸುವ ದನಿಯ ಹೊಣೆ ಯಾರದು ಎಂದು ಆ ಸಾಲಿನ ಎದುರಿಗೆ ಒಬ್ಬರ ಹುದ್ದೆ ಬರೆದಿರಬೇಕು.