ಬೆಡಗು ಬಿಡಿಸಲು ಇಬ್ಬರು ಬೇಕು

ಒಗಟನ್ನು ಒಬ್ಬನೇ ಬಿಡಿಸಿದರೆ ಜಾಣತನ, ಪಕ್ಕದವರನ್ನು ಕೇಳಿದರೆ ಅರ್ಧ ಸೋತಂತೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪದಬಂಧದ ಮುಂದೆ ಪೆನ್ಸಿಲ್ ಹಿಡಿದು ಕೂತವರಲ್ಲೂ ಅದಿದೆ, ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ, ವಚನಗಳ ಮುಂದೆ ಕೂತ ವಿದ್ವಾಂಸರಲ್ಲೂ ಇದೆ. ಪದಬಂಧದಲ್ಲಿ ಅದರಿಂದ ಹೆಚ್ಚಿನ ನಷ್ಟವಿಲ್ಲ. ಬೆಡಗಿನ ಓದಿನಲ್ಲಿ ಆಗಿರುವ ನಷ್ಟ ಮಾತ್ರ ಸಣ್ಣದಲ್ಲ. ಬೆಡಗಿಗೆ ಪದಪದಕ್ಕೂ ಅರ್ಥ ಹೇಳುವ ಟೀಕೆಗಳಿಗೆ ಸಿಕ್ಕ ಮರ್ಯಾದೆ ಅತಿಯಾಯಿತು. ಶರಣರು ಕೂಡಿ ಕೂತು ಒಬ್ಬರ ಬೆಡಗನ್ನು ಒಬ್ಬರು ಬಿಡಿಸುವ ಶೂನ್ಯಸಂಪಾದನೆಯನ್ನು, ಅದರಲ್ಲೂ ಗುಮ್ಮಳಾಪುರದ ಸಿದ್ಧಲಿಂಗಯತಿಯ ಪರಿಷ್ಕರಣವನ್ನು, ಓದುವ ರೀತಿಯಲ್ಲಿ ನಾವು ಓದಲೇ ಇಲ್ಲ.

ಗುಮ್ಮಳಾಪುರ ಇರುವುದು ಇಂದಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ತಳಿಯ ಕಡೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಅದು ಸೇರಿದ ಹೊಸೂರು ಸೀಮೆ ಮದರಾಸಿನಲ್ಲೇ ಉಳಿಯಿತು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳ ಕಥೆ ಓದುಗರಿಗೆ ಗೊತ್ತಿರುವುದೇ. ಶಿವಗಣಪ್ರಸಾದಿ ಮಹದೇವಯ್ಯ 1012 ವಚನಗಳಿಂದ ಕಟ್ಟಿದ ಮಾತುಕತೆ ಹಲಗೆಯಾರ್ಯನ ಕೈ ದಾಟಿ ಗುಮ್ಮಳಾಪುರಕ್ಕೆ ಬಂದಾಗ 1439 ವಚನಗಳದ್ದಾಯಿತು, ಗೂಳೂರಿನ ಸಿದ್ಧವೀರಣ್ಣೊಡೆಯನಲ್ಲಿ 1543. ಹಳಕಟ್ಟಿಯವರು 1930ರಲ್ಲಿ, ಭೂಸನೂರಮಠರು 1958ರಲ್ಲಿ ಅಚ್ಚಿಗೆ ತಂದದ್ದು ಗೂಳೂರಿನದನ್ನು. ಧಾರವಾಡದ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಅದನ್ನೇ. ಕೊನೆಯದು ಪೂರ್ಣವಾದದ್ದು, ಮಧ್ಯದವು ಮೆಟ್ಟಿಲು ಎಂಬ ಲೆಕ್ಕಾಚಾರ ಅಲ್ಲಿಂದಲೇ ಗಟ್ಟಿಯಾಯಿತು. ಗೂಳೂರಿನ ಕೃತಿ ದೊಡ್ಡದು, ಅದರಲ್ಲಿ ತಕರಾರಿಲ್ಲ. ಆದರೆ ಹರಟೆಯ ಕಟ್ಟೆಗೆ ಕೊನೆಗೆ ಬಂದವನ ಮಾತೊಂದನ್ನೇ ಕೇಳಿ ಎದ್ದು ಬಂದರೆ ಹರಟೆ ಕೇಳಿದಂತಾಗುವುದಿಲ್ಲ.

ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಅಜಗಣ್ಣ ತೀರಿಹೋಗಿದ್ದಾನೆ, ತಂಗಿ ಮುಕ್ತಾಯಕ್ಕ ಅಳುತ್ತ ಕೂತಿದ್ದಾಳೆ. ಅಲ್ಲಮ ಬಂದು ನಿಂತು ಕೇಳುವ ಮೊದಲ ಪ್ರಶ್ನೆಯೇ ಬೆಡಗು. ಅಂಗೈಯಲ್ಲಿ ಅರಳಿದ ತಲೆ, ಕಣ್ಣಿನಿಂದ ಉದುರುವ ಮುತ್ತು, ಆ ಮುತ್ತುಗಳನ್ನು ಪೋಣಿಸುತ್ತಿರುವ ಹೆಣ್ಣು. ನೀನು ಯಾರು ತಾಯಿ ಎನ್ನುವುದು ಪ್ರಶ್ನೆ. ಟೀಕೆಯ ದಾರಿಯಲ್ಲಿ ಹೋದವರು ಇಲ್ಲಿ ಪಟ್ಟಿ ಹಾಕುತ್ತಾರೆ: ಅಂಗೈ ಎಂದರೆ ಇಂಥ ತತ್ವ, ತಲೆ ಎಂದರೆ ಇಂಥ ಅರಿವು, ಮುತ್ತು ಎಂದರೆ ಇಂಥದ್ದು. ಪಟ್ಟಿ ಮುಗಿದರೆ ವಚನ ಮುಗಿಯಿತು. ಆದರೆ ಈ ಒಗಟಿನ ಉತ್ತರ ಯಾವ ತತ್ವದಲ್ಲೂ ಅಡಗಿಲ್ಲ, ಎದುರಿಗೇ ಕೂತಿದೆ. ತಲೆಗೆ ಕೈಕೊಟ್ಟು ಅಳುತ್ತಿರುವ ಹೆಂಗಸನ್ನು ಕಂಡಂತೆಯೇ ಅಲ್ಲಮ ಹೇಳಿದ್ದಾನೆ. ಕಂಡೂ ಯಾರು ಎಂದು ಕೇಳುತ್ತಿದ್ದಾನೆ. ಆ ಜಾಗವನ್ನು ತುಂಬಬೇಕಾದವಳು ಅವಳೇ. ಅಲ್ಲಮ ಎಂಥ ಜ್ಞಾನಿಯಾದರೂ ಅವಳ ಪರವಾಗಿ ತುಂಬುವಂತಿಲ್ಲ, ಟೀಕಾಕಾರನಂತೂ ಅಲ್ಲ.

ಮುಕ್ತಾಯಕ್ಕ ತುಂಬುವುದು ಹೇಗೆ? ತನ್ನ ಹೆಸರಿನಿಂದಲ್ಲ, ಅಣ್ಣನಿಂದ. ಅವಳ ವಚನಗಳ ಅಂಕಿತವೇ ಅಜಗಣ್ಣ. ಭಕ್ತಿಯನ್ನು ಯಾರಿಗೂ ತೋರಗೊಡದೆ ಬದುಕಿದ ಅಣ್ಣನನ್ನು ಮುಂದಿಟ್ಟುಕೊಂಡು ಅವಳು ಅಲ್ಲಮನಿಗೇ ತಿರುಗಿ ಸವಾಲು ಹಾಕುತ್ತಾಳೆ: ಅರಿತವನಿಗೆ ಮಾತೇಕೆ, ನಿನ್ನಲ್ಲಿ ಇನ್ನೂ ನುಡಿಯ ಹಂಗು ಉಳಿದಿದೆಯಲ್ಲ? ಬಿಡಿಸಲು ಬಂದವನೇ ಈಗ ಒಗಟಾದ. ಅಲ್ಲಮನ ಮುಂದಿನ ವಚನಗಳು ಈ ಸವಾಲಿನ ಒತ್ತಡದಲ್ಲೇ ಹುಟ್ಟುತ್ತವೆ. ಅವನ್ನು ಬೇರೆಯಾಗಿ ತೆಗೆದು ಓದಿದರೆ ಒಣ ಗಹನತೆ ಕಾಣುತ್ತದೆ. ಅವಳ ಮಾತಿನ ಪಕ್ಕದಲ್ಲಿಟ್ಟರೆ, ಮಣಿಯದ ಹೆಣ್ಣೊಬ್ಬಳ ಎದುರು ಅಲ್ಲಮನಂಥವನೂ ದಾರಿ ಹುಡುಕುತ್ತಿರುವುದು ಕೇಳಿಸುತ್ತದೆ. ಪದಬಂಧದ ರೀತಿಯೂ ಇದೇ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ತನ್ನ ಮೊದಲ ಪದಬಂಧವನ್ನು ಅಚ್ಚು ಹಾಕಿಸಿದಂದಿನಿಂದ ಅದರ ಜೀವಾಳ ಒಂದೇ: ಎಡದಿಂದ ಬಲಕ್ಕೆ ಸಿಕ್ಕ ಅಕ್ಷರವೇ ಮೇಲಿನಿಂದ ಕೆಳಕ್ಕೆ ದಾರಿ ತೋರಿಸುತ್ತದೆ. ಸಂಪಾದನಕಾರರು ವಚನಗಳನ್ನು ಒಂದರ ಮೇಲೊಂದು ಹಾಯುವಂತೆ ಇಟ್ಟದ್ದು ಹೀಗೆಯೇ.

ಹೀಗೆ ಕೂಡಿಸಿ ಓದುವುದನ್ನು ಒಪ್ಪದವರ ವಾದ ಬಲವಾದದ್ದೇ. ವಚನಗಳು 12ನೆಯ ಶತಮಾನದವು, ಸಂಪಾದನೆಗಳು 15–16ನೆಯ ಶತಮಾನದವು. ಮಾತುಕತೆಯ ಚೌಕಟ್ಟು ಸಂಪಾದನಕಾರರ ಕಲ್ಪನೆ. ವಚನವನ್ನು ಅದರಿಂದ ಬಿಡಿಸಿ ಓದುವುದೇ ಶಾಸ್ತ್ರೀಯ ಎನ್ನುತ್ತಾರೆ. ಚರಿತ್ರೆ ಸರಿ, ತೀರ್ಮಾನ ತಪ್ಪು. ಅಲ್ಲಮ ನಿಜಕ್ಕೂ ಮುಕ್ತಾಯಕ್ಕನ ಎದುರು ಅದೇ ಮಾತು ಆಡಿದನೇ ಎಂಬುದು ಚರಿತ್ರಕಾರನ ಪ್ರಶ್ನೆ. ಈ ವಚನ ಯಾವ ವಚನದ ಜೊತೆ ಕೂತಾಗ ಬಾಯಿ ಬಿಡುತ್ತದೆ ಎಂಬುದು ಓದುಗನ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಮೊದಲು ಉತ್ತರ ಕೊಟ್ಟ ವಿಮರ್ಶಕರು ಈ ನಾಲ್ವರು ಸಂಪಾದನಕಾರರು. ಅವರನ್ನು ಬರೀ ಸಂಗ್ರಹಕಾರರೆಂದು ಕರೆದದ್ದು ಅನ್ಯಾಯ.

ಬೇರ್ಪಡಿಸಿ ಓದಿದ್ದರ ಫಲ ಕಣ್ಣೆದುರಿಗಿದೆ. ಕರ್ನಾಟಕ ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳು ವಚನಕಾರರ ಲೆಕ್ಕದಲ್ಲಿ ಹಂಚಿಹೋಗಿವೆ. ಅಲ್ಲಮ ಎರಡನೆಯದರಲ್ಲಿ, ಮುಕ್ತಾಯಕ್ಕ ಶಿವಶರಣೆಯರ ಐದನೆಯದರಲ್ಲಿ. ಪ್ರಶ್ನೆ ಒಂದು ಪುಸ್ತಕದಲ್ಲಿ, ಉತ್ತರ ಇನ್ನೊಂದರಲ್ಲಿ! ಎ.ಕೆ. ರಾಮಾನುಜನ್ 1973ರಲ್ಲಿ ಬೆಡಗನ್ನು ಲೋಕಕ್ಕೆ ಪರಿಚಯಿಸಿದಾಗಲೂ ಅಲ್ಲಮನ ವಚನಗಳನ್ನು ಬಿಡಿಬಿಡಿಯಾಗಿಯೇ ಇಟ್ಟರು. ಸೊಗಸಾದ ಅನುವಾದಗಳು ಅವು, ಆದರೆ ಅಲ್ಲಿನ ಅಲ್ಲಮ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಒಂಟಿ ಅನುಭಾವಿ. ಇನ್ನು ಬೆಡಗಿಗೆ ಅರ್ಥವೇ ಬೇಡ, ಅದು ಬರೀ ಬೆರಗು ಎನ್ನುವ ಹೊಸಬರು ಟೀಕಾಕಾರರಿಗಿಂತ ದೂರವೇನೂ ಇಲ್ಲ. ಟೀಕಾಕಾರ ಉತ್ತರವನ್ನು ಮೊದಲೇ ಬರೆದಿಟ್ಟ, ಇವರು ಉತ್ತರದ ಹಂಗೇ ಬೇಡವೆಂದರು. ಕೂತು ಒದ್ದಾಡುವ ಕೆಲಸ ಇಬ್ಬರಿಗೂ ತಪ್ಪಿತು. ಟೀಕೆಗಳು ವಚನಗಳನ್ನು ಉಳಿಸಿಕೊಟ್ಟವು ಎಂಬ ಋಣವನ್ನು ಮರೆಯಬಾರದು, ಆ ಋಣಕ್ಕಾಗಿ ಅವುಗಳ ಅರ್ಥಪಟ್ಟಿಯನ್ನು ಒಪ್ಪಬೇಕಾಗಿಲ್ಲ.

ಹೊಸೂರು, ತಳಿ, ದೇಂಕಣಿಕೋಟೆಯ ಕನ್ನಡ ಮೇಷ್ಟರುಗಳಲ್ಲಿ ನನ್ನದೊಂದು ವಿನಂತಿ. ಮುಕ್ತಾಯಕ್ಕನ ಸಂಪಾದನೆಯನ್ನು ತರಗತಿಯಲ್ಲಿ ಇಬ್ಬರು ಮಕ್ಕಳ ಕೈಗೆ ಕೊಡಿ, ಒಬ್ಬರಿಗೆ ಅಲ್ಲಮನ ಮಾತು, ಇನ್ನೊಬ್ಬರಿಗೆ ಅವಳದು. ಅರ್ಥ ಬರೆಸಬೇಡಿ. ಉಳಿದ ಮಕ್ಕಳು ನಡುವೆ ಬಾಯಿ ಹಾಕಲಿ, ತಡೆಯಬೇಡಿ. ಶೂನ್ಯಸಂಪಾದನೆಯನ್ನು ತಿದ್ದಿ ಕಟ್ಟಿದ ಸಿದ್ಧಲಿಂಗಯತಿ ನಿಮ್ಮ ಸೀಮೆಯವನು ಎಂಬುದನ್ನೂ ಅವರಿಗೆ ಹೇಳಿ.